ಮಾವ ಹೇಳಿದ ಜಾಗಗಳು

ಶಿರಾ
೧೨–೭–೧೯೭೮

ಇಂದ್ರಮ್ಮ,

ನಿನ್ನ ಕಾರ್ಡು ನಿನ್ನೆ ಬಂತು. "ನಾನು ಕ್ಷೇಮ. ಸ್ಕೂಲು ನಡೆಯುತ್ತಿದೆ. ಮಳೆ ಇಲ್ಲ." ಇಷ್ಟನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದು ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರೂ ನನಗೆ ತಲುಪುತ್ತಿತ್ತಲ್ಲ ತಾಯಿ. ಊಟಕ್ಕೆ ಏನು ಮಾಡಿಕೊಳ್ಳುತ್ತೀಯ ಅಂತ ಕೇಳಿದ್ದೆ. ಕಾರ್ಡಿನಲ್ಲಿ ಅರ್ಧ ಜಾಗ ಖಾಲಿ ಇದ್ದರೂ ಅದಕ್ಕೆ ಉತ್ತರ ಬರೆದಿಲ್ಲ. ಬೆಳಗ್ಗೆ ಮಾಡಿದ ಅನ್ನವನ್ನೇ ಸಂಜೆಗೂ ಇಟ್ಟುಕೊಳ್ಳುತ್ತೀಯ ಅಂತ ನನ್ನ ಊಹೆ. ತಪ್ಪಿದ್ದರೆ ಹೇಳು.

ನಂದೀಶ ಹೋಗಿ ಮೂರು ವರ್ಷ ತುಂಬಿತು. ಕಾಮಾಲೆ ನನ್ನ ಮಗನನ್ನು ಒಯ್ದಿತು, ಅದಕ್ಕೆ ನಾನೂ ನೀನೂ ಏನೂ ಮಾಡಲಾಗಲಿಲ್ಲ. ನೀನು ಟ್ರೈನಿಂಗ್ ಮುಗಿಸಿ ಕೊರಟಗೆರೆಗೆ ಟೀಚರಾಗಿ ಹೊರಟ ದಿನ ಪೇಟೆಯವರು "ವೃಷಭೇಂದ್ರಪ್ಪ ಸೊಸೆಯನ್ನು ಸಂಬಳಕ್ಕೆ ಕಳಿಸಿದ" ಅಂದರು. ಅನ್ನಲಿ. ನಾನು ನಿನ್ನನ್ನು ಕಳಿಸಿದ್ದು ಈ ಮನೆಯ ಮೂಲೆಯಿಂದ ನೀನು ಎದ್ದು ಬರಲಿ ಅಂತ. ನೀನು ಕೊರಟಗೆರೆಗೆ ಹೋಗಿ ಅಲ್ಲೂ ಒಂದು ಮೂಲೆ ಹುಡುಕಿಕೊಂಡಿದ್ದೀಯ.

ಈಗ ಒಂದು ಮಾತು ಕೇಳು. ಈ ಪುಸ್ತಕದಂಗಡಿ ಹಾಕುವ ಮೊದಲು ನಾನು ಹದಿನಾಲ್ಕು ವರ್ಷ ಸ್ಲೇಟು, ಪಠ್ಯಪುಸ್ತಕ ಹೊತ್ತುಕೊಂಡು ನಾಲ್ಕು ತಾಲ್ಲೂಕಿನ ಸ್ಕೂಲುಗಳಿಗೆ ತಿರುಗಿದವನು. ಯಾವ ಊರಲ್ಲಿ ಏನು ತಿನ್ನಬೇಕು, ಏನನ್ನು ಮುಟ್ಟಬಾರದು, ಎಲ್ಲ ನನ್ನ ನಾಲಿಗೆಗೆ ಗೊತ್ತು. ಕೊರಟಗೆರೆ ಬಸ್ ಸ್ಟ್ಯಾಂಡಿನ ಎದುರಿಗೆ ರೇಣುಕಯ್ಯನ ಹೋಟೆಲಿದೆ. ಎಂಟು ಗಂಟೆಯೊಳಗೆ ಹೋಗು. ತಟ್ಟೆ ಇಡ್ಲಿ, ಹಸಿಮೆಣಸಿನಕಾಯಿ ಚಟ್ನಿ. ಸಾಂಬಾರ್ ಹಾಕಲು ಬಂದರೆ ಬೇಡ ಅನ್ನು, ಅವನ ಸಾಂಬಾರಿನಲ್ಲಿ ಬೇಳೆಗೂ ನೀರಿಗೂ ಪರಿಚಯವಿಲ್ಲ. ಹೆಂಗಸರಿಗೆ ಅಂತ ಒಳಗೆ ಪರದೆ ಕಟ್ಟಿದ ಜಾಗವಿದೆ.

ನಿನ್ನ ಅತ್ತೆಗೆ ಓದು ಬರದು. ನಿನ್ನ ಕಾಗದವನ್ನು ನಾನೇ ಓದಿ ಹೇಳುವುದು. ಹೋಟೆಲಿನ ವಿಷಯ ಬಂದರೆ ಬಿಟ್ಟು ಓದುತ್ತೇನೆ. ಧೈರ್ಯವಾಗಿ ಬರಿ.

ಉತ್ತರಕ್ಕೆ ಕಾದಿರುವ
ನಿನ್ನ ಮಾವ
ವೃಷಭೇಂದ್ರಪ್ಪ


ಕೊರಟಗೆರೆ
೬–೮–೧೯೭೮

ಮಾವನವರಿಗೆ ನಮಸ್ಕಾರ.

ಮೊದಲ ದಿನ ರೇಣುಕಯ್ಯನವರ ಹೋಟೆಲಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಎರಡನೆಯ ಸಲ ನಮ್ಮ ಮನೆಯೊಡತಿ ಲಕ್ಕಮ್ಮನನ್ನು ಕರೆದುಕೊಂಡು ಹೋದೆ. ಆಕೆಗೆ ಅರವತ್ತೈದು ದಾಟಿದೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಇಡ್ಲಿಯಾದ್ದರಿಂದ ಬಂದೆ, ಬೇರೆ ಏನಾದರೂ ಆಗಿದ್ದರೆ ಬರುತ್ತಿರಲಿಲ್ಲ ಅಂದರು.

ಮೂರನೆಯ ಸಲ ಒಬ್ಬಳೇ ಹೋದೆ. ಪರದೆಯ ಹಿಂದೆ ಕೂತು ಎರಡು ಇಡ್ಲಿ ತಿಂದೆ. ಸಾಂಬಾರ್ ಬೇಡ ಅಂದಾಗ ಮಾಣಿ "ಯಾರಮ್ಮ ನಿಮಗೆ ಹೇಳಿಕೊಟ್ಟೋರು?" ಅಂತ ಕೇಳಿದ. ನನಗೆ ನಗು ಬಂದುಬಿಟ್ಟಿತು. ಜೋರಾಗಿ ನಕ್ಕೆ ಅಂತ ಕಾಣುತ್ತದೆ, ಆಚೆ ಕೂತವರು ಸುಮ್ಮನಾದರು. ಹೊರಗೆ ಬಂದಮೇಲೆ ಏನೋ ತಪ್ಪು ಮಾಡಿದ ಹಾಗಾಗಿ ಸ್ಕೂಲಿನವರೆಗೆ ತಲೆ ಎತ್ತದೆ ನಡೆದೆ.

ಆದರೂ ಹೋದ ಸೋಮವಾರ ಮತ್ತೆ ಹೋಗಿದ್ದೆ. ಚಟ್ನಿ ಎರಡು ಸಲ ಹಾಕಿಸಿಕೊಂಡೆ.

ಅತ್ತೆಯವರ ಕಾಲು ಊತ ಹೇಗಿದೆ?

ಇಂದ್ರಮ್ಮ


ಶಿರಾ
೨೮–೮–೧೯೭೮

ಇಂದ್ರಮ್ಮ,

ಎರಡು ಸಲ ಚಟ್ನಿ ಹಾಕಿಸಿಕೊಂಡ ವಿಷಯ ಓದಿ ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ನಿನ್ನ ಅತ್ತೆಗೆ ಓದಿ ಹೇಳುವಾಗ ಆ ಭಾಗ ಹಾರಿಸಬೇಕು ಅಂತಿದ್ದೆ, ಆಗಲಿಲ್ಲ, ಓದಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳ ಸಂಕಟ ಅವಳದ್ದು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಾಲು ಊತ ಇಳಿದಿದೆ.

ಹೊಟ್ಟೆಯದಾಯಿತು, ಈಗ ತಲೆಗೆ. ಕೊರಟಗೆರೆ ಲೈಬ್ರರಿಯಲ್ಲಿ ಒಂದು ಹಳೇ ಪುಸ್ತಕವಿದೆ, ನಾನೇ ಹಿಂದೆ ಅವರಿಗೆ ಮಾರಿದ್ದು. ಕಾಶಿಗೆ ನಡೆದುಕೊಂಡೇ ಹೋದ ಒಬ್ಬ ಸ್ಕೂಲು ಮೇಷ್ಟ್ರು ಬರೆದ ಪ್ರವಾಸದ ಕತೆ. ರಟ್ಟು ಕಿತ್ತಿರುತ್ತದೆ, ಹೆಸರು ಕಾಣುವುದಿಲ್ಲ, ನೀಲಿ ಬೈಂಡು ಅಂತ ಕೇಳು. ಮೇಷ್ಟ್ರು ದಾರಿಯಲ್ಲಿ ಸಿಕ್ಕವರ ಜೊತೆಯೆಲ್ಲ ಜಗಳವಾಡುತ್ತಾರೆ. ಕಾಶಿ ಸೇರುವ ಹೊತ್ತಿಗೆ ನಮಗೆ ಅವರನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಆಮೇಲೆ ಸಿದ್ದರಬೆಟ್ಟ. ಮಳೆ ಬಂದು ನಿಂತಮೇಲೆ ಹೋಗು. ಬೆಳಗಿನ ತಂಪಲ್ಲಿ ಹತ್ತಿ, ಗವಿಯೊಳಗಿನ ನೀರು ಕುಡಿದು, ಗಿಡದ ನೆರಳಲ್ಲಿ ಒಂದು ಗಂಟೆ ಸುಮ್ಮನೆ ಕೂರು. ಬೇಡಿಕೊಳ್ಳಲೇಬೇಕು ಅಂತ ಇಲ್ಲ. ಸುಮ್ಮನೆ ಕೂತರೂ ಆಗುತ್ತದೆ.

ನಿನ್ನ ಮಾವ


ಕೊರಟಗೆರೆ
೧೫–೧೦–೧೯೭೮

ಮಾವನವರಿಗೆ ನಮಸ್ಕಾರ.

ನೀಲಿ ಬೈಂಡು ಲೈಬ್ರರಿಯಲ್ಲಿರಲಿಲ್ಲ. ದನದ ಆಸ್ಪತ್ರೆಯ ಸ್ಟಾಕ್‌ಮನ್ ಒಬ್ಬರು ಒಯ್ದು ಎರಡು ತಿಂಗಳಾಯಿತು, ಕೇಳಿದರೆ ನಾಳೆ ನಾಳೆ ಅನ್ನುತ್ತಾರೆ ಅಂತ ಲೈಬ್ರರಿಯವರು ದೂರಿದರು. ನನಗೆ ಸಿಟ್ಟು ಬಂತು. ಸ್ಕೂಲು ಬಿಟ್ಟವಳೇ ನೇರ ಆಸ್ಪತ್ರೆಗೆ ಹೋದೆ. ಅವರು ಒಂದು ಎಮ್ಮೆಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಿದ್ದರು. ಮಕ್ಕಳಿಗೆ ಬೈಯುವ ಅಭ್ಯಾಸ ನೋಡಿ, ಅದೇ ಧಾಟಿಯಲ್ಲಿ "ಊರಿಗೆಲ್ಲ ಸೇರಿದ ಪುಸ್ತಕ ಒಬ್ಬರೇ ಇಟ್ಟುಕೊಳ್ಳಬಹುದಾ?" ಅಂದೆ. ಅವರು ಎಮ್ಮೆಯ ಮೂಗುದಾರ ಬಿಡದೆ, "ಕೊನೇ ಹತ್ತು ಪುಟ ಉಳಿಸ್ಕಂಡಿದೀನಿ ಟೀಚರ್. ಓದಿದ್ರೆ ಮುಗಿದೋಗುತ್ತಲ್ಲ ಅಂತ" ಅಂದರು.

ಮಾರನೆಯ ದಿನ ಪುಸ್ತಕ ಸ್ಕೂಲಿಗೆ ಬಂತು. ಓದಿದೆ. ನೀವು ಹೇಳಿದ್ದು ನಿಜ. ನಾನೂ ಕೊನೆಯ ಹತ್ತು ಪುಟವನ್ನು ನಾಲ್ಕು ದಿನ ಓದದೆ ಇಟ್ಟುಕೊಂಡಿದ್ದೆ.

ಸಿದ್ದರಬೆಟ್ಟಕ್ಕೆ ಲಕ್ಕಮ್ಮನ ಜೊತೆ ಹೋದೆ. ಮಂಡಿ ನೋವು ಅಂತ ಅವರು ಕೆಳಗೇ ಉಳಿದರು. ನಾನು ಹತ್ತಿದೆ. ನೀರು ಕುಡಿದೆ. ನೀವು ಹೇಳಿದಂತೆ ನೆರಳಲ್ಲಿ ಕೂತೆ. ಅಲ್ಲಿ ನಿಮ್ಮ ಮಗನನ್ನು ನೆನೆದು ಅತ್ತುಬಿಟ್ಟೆ ಮಾವ. ಮನೆಯಲ್ಲಿ ಅಳಬೇಕೆಂದರೆ ಯಾರಾದರೂ ಬಂದು ಸಮಾಧಾನ ಮಾಡುತ್ತಿದ್ದರು, ಪೂರ್ತಿ ಅಳಲಾಗುತ್ತಿರಲಿಲ್ಲ. ಅಲ್ಲಿ ಪೂರ್ತಿ ಅತ್ತು, ಇಳಿದು ಬಂದು, ಲಕ್ಕಮ್ಮ ಕಟ್ಟಿ ತಂದಿದ್ದ ಅವಲಕ್ಕಿ ತಿಂದೆ.

ಒಂದು ಕೇಳಲಾ? ನನಗೆ ಇಷ್ಟೆಲ್ಲ ಜಾಗ ಹೇಳುತ್ತೀರಿ. ನೀವು ಶಿರಾ ಬಿಟ್ಟು ಆಚೆ ಹೋಗಿ ಎಷ್ಟು ದಿನವಾಯಿತು?

ಇಂದ್ರಮ್ಮ


ಶಿರಾ
೨–೧೨–೧೯೭೮

ಇಂದ್ರಮ್ಮ,

ನೀನು ಕೇಳಿದ್ದಕ್ಕೆ ಆಮೇಲೆ ಬರೆಯುತ್ತೇನೆ. ಅಂಗಡಿಯಲ್ಲಿ ಕೆಲಸ ಜಾಸ್ತಿ.

ಮಧುಗಿರಿಯಲ್ಲಿ ನಾಟಕದ ಕಂಪನಿ ಕ್ಯಾಂಪ್ ಹಾಕಿದೆಯಂತೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೂ ಒಂದು ಆಟ ಇದೆ. ಹಾಸ್ಯದವನು ಚೆನ್ನಾಗಿದ್ದಾನೆ, ರಾಜನ ಪಾರ್ಟಿನವನು ಅರಚುತ್ತಾನೆ ಅಂತ ನೋಡಿ ಬಂದವರು ಹೇಳಿದರು. ಬೆಳಗ್ಗೆ ಬೇಗ ಹೋದರೆ ಬೆಟ್ಟವನ್ನೂ ನೋಡಬಹುದು. ಕಲ್ಲು ಕಾದಮೇಲೆ ಹತ್ತಬೇಡ. ಮೇಲಿನವರೆಗೆ ಹೋಗುವ ಹಟವೂ ಬೇಡ, ಅರ್ಧದಿಂದಲೇ ಮಧುಗಿರಿ ಊರೆಲ್ಲ ಕಾಣುತ್ತದೆ.

ಒಬ್ಬಳೇ ಹೋಗಬೇಡ.

ನಿನ್ನ ಮಾವ


ಕೊರಟಗೆರೆ
೨೧–೧–೧೯೭೯

ಮಾವನವರಿಗೆ ನಮಸ್ಕಾರ.

ಬರೆಯುವುದು ತಡವಾಯಿತು. ಮಧುಗಿರಿಗೆ ಹೋಗಿದ್ದೆವು. ಅರ್ಧದಿಂದ ಊರು ಕಾಣುತ್ತದೆ ಅಂತ ನೀವು ಬರೆದಿದ್ದಿರಿ. ಅರ್ಧಕ್ಕೆ ಹೋದಮೇಲೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ತುದಿಯವರೆಗೂ ಹತ್ತಿಬಿಟ್ಟೆವು. ಇಳಿಯುವಾಗ ಭಯವಾಗಿ ಕೂತು ಕೂತು ಜಾರಿದೆವು. ನಾಟಕದಲ್ಲಿ ಹಾಸ್ಯದವನಿಗಿಂತ ರಾಜನಿಗೇ ನಾವು ಹೆಚ್ಚು ನಕ್ಕೆವು. ಕಿರೀಟ ಜಾರಿ ಕಣ್ಣಿನ ಮೇಲೆ ಬಂದರೂ ಅರಚುವುದು ನಿಲ್ಲಿಸಲಿಲ್ಲ.

ಸಂಕ್ರಾಂತಿಯಾದ ಮೇಲೆ ಪಾವಗಡಕ್ಕೂ ಹೋಗಿ ಬಂದೆವು. ಲಕ್ಕಮ್ಮನಿಗೆ ಶನಿಮಹಾತ್ಮನ ಹರಕೆಯಿತ್ತು. ನೀವು ಪಾವಗಡದ ತಿಂಡಿಯ ಬಗ್ಗೆ ಏನೂ ಬರೆದಿರಲಿಲ್ಲ, ಹಾಗಾಗಿ ಈ ಸಲ ನಾನು ನಿಮಗೆ ಹೇಳುತ್ತೇನೆ. ಅಲ್ಲಿ ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಹುರಿಗಡಲೆ ಪುಡಿ ಉದುರಿಸುತ್ತಾರೆ. ಉಗ್ಗಾಣಿ ಅಂತ ಹೆಸರು. ಅದರ ಜೊತೆ ಮೆಣಸಿನಕಾಯಿ ಬಜ್ಜಿ. ಬಸ್ ಬರಲು ಹೊತ್ತಿತ್ತು, ಎರಡೆರಡು ಪ್ಲೇಟು ತಿಂದೆವು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ನೀವು ಹೋಗಿ ತಿನ್ನಲೇಬೇಕು.

ಇಂದ್ರಮ್ಮ


ಶಿರಾ
೧೧–೨–೧೯೭೯

ಇಂದ್ರಮ್ಮ,

ನಿನ್ನ ಕಾಗದ ಬಂದ ದಿನ ಜಗಲಿಯಲ್ಲಿ ಕೂತು ನಿನ್ನ ಅತ್ತೆಗೆ ಪೂರ್ತಿ ಓದಿದೆ. ಈಗ ಏನನ್ನೂ ಹಾರಿಸುವುದಿಲ್ಲ. ಅವಳು ಕೇಳಿ, "ಇನ್ನೊಂದ್ ದಪ ಓದ್ರೀ" ಅಂದಳು. ಓದಿದೆ.

"ಹತ್ತಿದೆವು, ನಕ್ಕೆವು, ತಿಂದೆವು. ಯಾರ್ರೀ ಅದು ಇಬ್ರು?"

"ಲಕ್ಕಮ್ಮ ಇರಬೇಕು ಕಣೆ, ಮನೆಯೊಡತಿ."

"ಮಂಡಿ ನೋವು ಅಂತ ಸಿದ್ದರಬೆಟ್ಟದ್ ಬುಡದಲ್ಲಿ ಕುಂತೋಳು ಮಧುಗಿರಿ ಬೆಟ್ಟದ್ ತುದಿ ಹತ್ತಿದ್ಲಾ? ಬಾಯಲ್ಲಿ ಒಂದೂ ಹಲ್ಲಿಲ್ದೋಳು ಎರಡ್ ಪ್ಲೇಟು ಮೆಣಸಿನಕಾಯಿ ಬಜ್ಜಿ ತಿಂದ್ಲಾ?"

ನಲವತ್ತು ವರ್ಷದಿಂದ ಪುಸ್ತಕ ಓದುವವನು ನಾನು. ಓದು ಬರದವಳು ನನಗಿಂತ ಚೆನ್ನಾಗಿ ಓದಿದಳು.

ಅವಳ ಮುಖದಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನನಗಂತೂ ಸಂತೋಷವೇ ಆಯಿತು ಮಗಳೇ, ಮುಚ್ಚುಮರೆ ಯಾಕೆ. ಇಪ್ಪತ್ತಾರು ವರ್ಷದ ನಿನ್ನನ್ನು ಹೀಗೇ ಇರು ಅನ್ನಲು ನನಗೆ ಬಾಯಿಲ್ಲ. ನಿನ್ನ ತಂದೆತಾಯಿ ಇದ್ದಿದ್ದರೆ ಅವರು ಕೇಳುತ್ತಿದ್ದರು. ಈಗ ನಾನೇ ಕೇಳಬೇಕು. ಯಾರು? ಮೇಷ್ಟ್ರಾ? ಯಾವ ಊರಿನವರು, ಯಾರ ಪೈಕಿ? ಹೆದರದೆ ಬರಿ. ತುಮಕೂರಿನ ಕಡೆಯ ನಮ್ಮ ಜನವಾದರೆ ಯಾರಾದರೂ ನನಗೆ ಗೊತ್ತಿರುತ್ತಾರೆ.

ನಿನ್ನ ಮಾವ


ಕೊರಟಗೆರೆ
೪–೩–೧೯೭೯

ಮಾವನವರಿಗೆ,

ಈ ಕಾಗದವನ್ನು ಐದು ಸಲ ಬರೆದು ಹರಿದೆ.

ಅವರ ಹೆಸರು ಅಂಜನಪ್ಪ. ಪುಸ್ತಕ ಇಟ್ಟುಕೊಂಡಿದ್ದ ಆ ಸ್ಟಾಕ್‌ಮನ್ ಅವರೇ. ಪಾವಗಡ ತಾಲ್ಲೂಕು ಬಲಸಮುದ್ರ. ನಮ್ಮ ಜನವಲ್ಲ ಮಾವ. ಕುರಿ ಕಾಯುವವರ ಮನೆ. ತಂದೆ ಇಲ್ಲ, ತಾಯಿ ಕರಿಯಕ್ಕ ಇವತ್ತೂ ಮಂದೆಯ ಹಿಂದೆ ಹೋಗುತ್ತಾರೆ. ಆ ಊರಲ್ಲಿ ಅವರ ಪೈಕಿ ಹೈಸ್ಕೂಲು ದಾಟಿದವರಲ್ಲಿ ಇವರೇ ಮೊದಲು. ಮೂವತ್ತು ವರ್ಷ. ಮದುವೆಯಾಗಿಲ್ಲ. ನನ್ನ ವಿಷಯವೆಲ್ಲ ಗೊತ್ತು.

ಪುಸ್ತಕ ವಾಪಸ್ ಕೊಟ್ಟಮೇಲೆ ಮೇಷ್ಟ್ರ ಜಗಳಗಳ ಬಗ್ಗೆ ಮಾತಾಡಿದೆವು. ಆಮೇಲೆ ಇನ್ನೊಂದು ಪುಸ್ತಕ. ಒಂದು ದಿನ ಅವರು "ನೀವು ತಿಂಗಳಿಗೊಂದು ಜಾಗಕ್ಕೆ ಹೋಗ್ತೀರಲ್ಲ, ಯಾರು ಹೇಳೋದು?" ಅಂತ ಕೇಳಿದರು. ನಮ್ಮ ಮಾವ ಅಂದೆ. ಅವರು, "ಅಂಥೋರನ್ನ ಒಂದ್ಸಲ ನೋಡ್ಬೇಕು" ಅಂದರು.

ಮಧುಗಿರಿಗೂ ಪಾವಗಡಕ್ಕೂ ಲಕ್ಕಮ್ಮ ಜೊತೆಗಿದ್ದರು. ಬೆಟ್ಟಕ್ಕೆ ಮಾತ್ರ ಬರಲಿಲ್ಲ. ತಪ್ಪು ನಡೆ ನಡೆದಿಲ್ಲ.

ನೀವು ಬೇಡವೆಂದರೆ ಇಲ್ಲಿಗೇ ನಿಲ್ಲಿಸುತ್ತೇನೆ ಅಂತ ಬರೆಯಲು ಕೂತೆ. ಐದು ಸಲವೂ ಆ ಸಾಲಿಗೆ ಬಂದು ಹರಿದು ಹಾಕಿದೆ. ಅದು ಸುಳ್ಳಾಗುತ್ತದೆ ಮಾವ. ನಿಮಗೆ ನಾನು ಸುಳ್ಳು ಬರೆದಿಲ್ಲ.

ಇಂದ್ರಮ್ಮ


ಕೊರಟಗೆರೆ
೧೩–೫–೧೯೭೯

ಮಾವನವರಿಗೆ,

ಎರಡು ತಿಂಗಳಾಯಿತು, ನಿಮ್ಮ ಅಕ್ಷರ ಕಂಡಿಲ್ಲ. ಬೇಸಿಗೆ ರಜೆಗೆ ಶಿರಾಕ್ಕೆ ಬರಬೇಕು ಅಂತ ಟ್ರಂಕು ತುಂಬಿಸಿದ್ದೆ. ಬಾ ಅಂತ ನೀವು ಬರೆದಿಲ್ಲವಲ್ಲ, ಅದಕ್ಕೆ ಬಟ್ಟೆಗಳನ್ನು ಮತ್ತೆ ಹೊರಗೆ ತೆಗೆದಿಟ್ಟೆ. ಅತ್ತೆಯವರು ಹೇಗಿದ್ದಾರೆ? ನೀವು ಹೇಗಿದ್ದೀರಿ? ಅದೊಂದನ್ನಾದರೂ ಬರೆಯಿರಿ.

ಇಂದ್ರಮ್ಮ


ಶಿರಾ
೩–೬–೧೯೭೯

ಇಂದ್ರಮ್ಮನಿಗೆ,

ಇಬ್ಬರೂ ಆರೋಗ್ಯ.

ಹೋಟೆಲಿಗೆ ಹೋಗು ಅಂದವನು ನಾನೇ, ಬೆಟ್ಟ ಹತ್ತು ಅಂದವನು ನಾನೇ. ಆದರೆ ಇಷ್ಟು ದೂರ ಹೋಗು ಅಂತ ನಾನು ಹೇಳಿರಲಿಲ್ಲ. ಮಾಂಸ, ಬಾಡು ಬೇಯುವ ಮನೆಯಲ್ಲಿ ನೀನು ಹೇಗೆ ಇರುತ್ತೀ? ನಮ್ಮ ಮಠದವರಿಗೆ, ಪೇಟೆಯವರಿಗೆ ನಾನೇನು ಹೇಳಲಿ? ನಮ್ಮಲ್ಲೇ ಒಳ್ಳೆಯವರು ಸಿಗುತ್ತಿರಲಿಲ್ಲವೇ, ನಾನೇ ಹುಡುಕುತ್ತಿದ್ದೆ.

ಹೆಚ್ಚು ಬರೆಯಲಾರೆ.

ವೃಷಭೇಂದ್ರಪ್ಪ


ಕೊರಟಗೆರೆ
೮–೭–೧೯೭೯

ಏನ್ರೀ,

ನಾನು ಚನ್ನಮಲ್ಲಮ್ಮ. ಬರೀತಿರೋಳು ಇಂದ್ರಮ್ಮ. ನಾನು ಅಂದಂಗೇ ಬರಿ, ನಯ ಮಾಡಬ್ಯಾಡ ಅಂತ ಹೇಳಿದೀನಿ.

ಮಧುಗಿರಿಗೆ ತಂಗಿ ಮನೆಗೋಗಿ ಬತ್ತೀನಿ ಅಂತ ನಿಮಗೆ ಹೇಳ್ ಬಂದೆ. ಸುಳ್ಳು. ಮಧುಗಿರೀಲಿ ಇಳುದು, ಕೊರಟಗೆರೆ ಬಸ್ಸು ಯಾವ್ದು ಅಂತ ಕೇಳಿ ಹತ್ತಿ ಬಂದ್ಬುಟ್ಟೆ. ಈ ವಯಸ್ಸಿಗೆ ಒಬ್ಬಳೇ ಬಸ್ಸಲ್ಲಿ ಕುಂತಿದ್ದು ಇದೇ ಮೊದಲು. ಏನೂ ಕಷ್ಟ ಇಲ್ಲ, ನೀವೆಲ್ಲ ಸುಮ್ನೆ ಹೆದರಿಸಿದ್ರಿ.

ಇವಳು ನನ್ನ ನೋಡಿ ಬಾಗಿಲಲ್ಲೇ ನಿಂತ್ಲು. ಬೈಯಾಕೆ ಬಂದಿದೀನಿ ಅಂದ್ಕಂಡ್ಲು. ಅವನ್ನ ಕರ್ಸು ಅಂದೆ. ಬಂದ. ಕೈ ಕಾಲು ತೊಳ್ಕಂಡು, ಕೆಳಗೆ ಕುಂತ.

"ಏನಪ್ಪ, ಬಾಡು ತಿಂತೀಯಾ?" ಅಂದೆ.

"ತಿಂತೀನಮ್ಮ."

"ಇವಳು ತಿನ್ನಲ್ವಲ್ಲ, ಹೆಂಗೆ?"

"ನಾನು ತಿನ್ನದು ಊರಿಗೆ ಹೋದಾಗ, ಅವ್ವ ಮಾಡಿದ್ರೆ. ಇಲ್ಲಿ ಒಲೆ ಇವರದು. ಇವರು ಏನು ಮಾಡಿದ್ರೆ ಅದನ್ನ ಉಣ್ತೀನಿ. ಬುಟ್ಬುಟ್ಟೆ ಅಂತ ನಿಮ್ಮುಂದೆ ಸುಳ್ಳೇಳಿದ್ರೆ ನಾಳೆ ಗೊತ್ತಾಗುತ್ತಲ್ಲಮ್ಮ."

ನಂಗೆ ಆ ಮಾತು ಸರಿ ಅನ್ನುಸ್ತು. ಆಮೇಲೆ ನಮ್ಮ ನಂದೀಶನ ಬಗ್ಗೆ ಕೇಳ್ದ. ಹೆಂಗಿದ್ರು, ಏನು ಇಷ್ಟ ಪಡೋರು ಅಂತ. ನಾಕ್ ವರ್ಷದಿಂದ ನಮ್ಮ ನೆಂಟರು ಒಬ್ರೂ ನನ್ನ ಮಗನ ಬಗ್ಗೆ ಕೇಳಿಲ್ಲ. ಕೇಳಿದ್ರೆ ಅಳ್ತಾಳೆ ಅಂತ ಮಾತು ತಿರುಗಿಸ್ತಾರೆ. ಇವನು ಕೇಳ್ದ. ಒಂದ್ ಗಂಟೆ ಹೇಳಿದೆ.

ಈಗ ಇನ್ನೊಂದು. ಇದನ್ನ ಬರಿಯಲ್ಲ ಅಂತಾವಳೆ ಇವಳು, ಬರೀಲೇಬೇಕು. ಇವಳು ಹೋಟೆಲಲ್ಲಿ ನಕ್ಕಿದ್ದನ್ನ ನೀವು ಓದಿ ಹೇಳಿದ್ರಲ್ಲ, ಅವತ್ತು ನಂಗೆ ಹೊಟ್ಟೆ ಉರೀತು. ನನ್ನ ಮಗ ಮಣ್ಣಲ್ಲವ್ನೆ, ಇವಳು ನಗ್ತಾವಳೆ ಅಂತ. ಹಿತ್ತಿಲಿಗೆ ಹೋಗಿ ಶಾಪ ಹಾಕ್ದೆ. ಆಮೇಲೆ ತಿಂಗಳು ತಿಂಗಳು ನೀವು ಓದಿ ಹೇಳೋದು ಕೇಳಿ ಕೇಳಿ, ಮುಂದಿನ ಕಾಗ್ದ ಯಾವಾಗ ಅಂತ ಕಾಯಂಗಾಯ್ತು. ಈಗ ಎರಡ್ ತಿಂಗಳಿಂದ ಕಾಗ್ದ ಇಲ್ದೆ ಮನೆ ಬಿಕೋ ಅಂತದೆ. ನೀವು ಪುಸ್ತಕ ಮುಟ್ಟಲ್ಲ, ನಾನು ಬಾಯ್ಬಿಡಲ್ಲ. ಇನ್ನೊಂದ್ ಮಗೂನೂ ಕಳ್ಕಂಡು ಕುಂತಂಗಾಗದೆ ಕಣ್ರೀ.

ಎಲ್ಲಾರ್ನೂ ಅಲ್ಲಿಗೋಗು, ಇಲ್ಲಿಗೋಗು ಅಂತ ಕಳಿಸ್ತೀರಿ. ಈಗ ನಾನು ಹೇಳ್ತೀನಿ. ನೀವು ಬಲಸಮುದ್ರಕ್ಕೆ ಹೋಗಿ. ಆ ಹುಡುಗನ ತಾಯಿ ನೋಡ್ಕಂಡು ಬನ್ನಿ. ನೋಡ್ದೆ ಬ್ಯಾಡ ಅನ್ನೋದು ಯಾವ ನ್ಯಾಯ? ನೋಡಿ ಬ್ಯಾಡ ಅನ್ನುಸಿದ್ರೆ ಆಗ ಹೇಳಿ, ನಾನೂ ಕೇಳ್ತೀನಿ.

ನೀವು ಹೋಗಿ ಬರೋವರ್ಗೂ ನಾನಿಲ್ಲೇ ಇರ್ತೀನಿ. ಬ್ಯಾಳೆ ಡಬ್ಬ ಮೂಲೇಲದೆ.

ಚನ್ನಮಲ್ಲಮ್ಮ


ಪಾವಗಡ
೧೯–೮–೧೯೭೯

ಇಂದ್ರಮ್ಮ,

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಅತ್ತೆಗೂ ಓದಿ ಹೇಳು.

ಒಂದು ತಿಂಗಳು ಹಟ ಮಾಡಿದೆ. ನಾನೇ ಬೇಯಿಸಿಕೊಂಡು ಉಂಡೆ. ಹೋದ ವರ್ಷ ನೀನು ಕೇಳಿದ್ದೆಯಲ್ಲ, ಶಿರಾ ಬಿಟ್ಟು ಆಚೆ ಹೋಗಿ ಎಷ್ಟು ದಿನವಾಯಿತು ಅಂತ. ನಂದೀಶನನ್ನು ಬೆಂಗಳೂರಿನ ಆಸ್ಪತ್ರೆಯಿಂದ ತಂದ ದಿನವೇ ಕೊನೆ. ಆಮೇಲೆ ಬಸ್ಸು ಹತ್ತಿರಲಿಲ್ಲ. ನಿನ್ನೆ ಹತ್ತಿದೆ. ಮಧುಗಿರಿಯವರೆಗೂ ಕಿಟಕಿ ಕಡೆ ನೋಡಲಾಗಲಿಲ್ಲ. ಆಮೇಲೆ ನೋಡಿದೆ. ಕಡ್ಲೆಕಾಯಿ ಗಿಡ ಚೆನ್ನಾಗಿ ಎದ್ದಿದೆ ಈ ಕಡೆ.

ಬಲಸಮುದ್ರದಲ್ಲಿ ಕರಿಯಕ್ಕನ ಮನೆ ಕೇಳಿಕೊಂಡು ಹೋದೆ. ಬರುತ್ತೇನೆ ಅಂತ ಅಂಜನಪ್ಪನಿಗೆ ಕಾರ್ಡು ಹಾಕಿದ್ದೆ. ಆಕೆ ಮಂದೆಯನ್ನು ಬೇರೆಯವರಿಗೆ ಒಪ್ಪಿಸಿ ಕಾದಿದ್ದರು. ಕಂಬಳಿ ಹಾಸಿ, "ಬನ್ನಿ ಸಾಮಿ, ಕೂಕಳ್ಳಿ. ಮಾ ಅಂಜಿ ಚೆಪ್ಪಿನಾಡು, ನೀವು ಬತ್ತೀರ ಅಂತ" ಅಂದರು. ಅರ್ಧ ತೆಲುಗು, ಅರ್ಧ ಕನ್ನಡ. ಪೂರ್ತಿ ಅರ್ಥವಾಗುತ್ತದೆ.

ಊಟದ ಹೊತ್ತಾಯಿತು. ಒಂದು ತಟ್ಟೆಯನ್ನು ಬಾಳೆಲೆಯಲ್ಲಿ ಮುಚ್ಚಿ ತಂದಿಟ್ಟರು. ಅನ್ನ, ಬೇಳೆ ಸಾರು, ಹಪ್ಪಳ. ಆಮೇಲೆ ಅವರೇ ಹೇಳಿದರು, "ನಮ್ಮನೇದಲ್ಲ ಸಾಮಿ. ಎದುರುಮನೆ ಅಡವಯ್ಯನೋರು ನಿಮ್ಮ ಜನವೇ, ಅವರ ಹೆಂಡ್ತಿ ಕೈಲಿ ಮಾಡ್ಸಿದ್ದು. ತಟ್ಟೇನೂ ಅವರ್ದೇ. ನಾನು ಮುಟ್ಟಿಲ್ಲ. ಸಂಕೋಚ ಬ್ಯಾಡ, ಉಣ್ಣಿ."

ಕೈ ತೊಳೆದು ಕೂತಿದ್ದೆ. ಅನ್ನಕ್ಕೆ ಕೈ ಹಾಕಲಾಗಲಿಲ್ಲ ಮಗಳೇ.

ನಾಲ್ಕು ತಾಲ್ಲೂಕು ತಿರುಗಿದವನು ಅಂತ ನಿನ್ನ ಮುಂದೆ ದೊಡ್ಡದಾಗಿ ಬರೆದೆ. ನೂರು ಹೋಟೆಲ್ ಹೆಸರು ಹೇಳಬಲ್ಲೆ. ಆದರೆ ಅಷ್ಟೂ ವರ್ಷ ಬೋರ್ಡಿನಲ್ಲಿ ನಮ್ಮ ಜನರ ಹೆಸರು ನೋಡಿಯೇ ಒಳಗೆ ಹೋದವನು ನಾನು. ಇಂಥ ನೂರು ಹಟ್ಟಿಗಳ ಸ್ಕೂಲಿಗೆ ಸ್ಲೇಟು ಕೊಟ್ಟೆ. ಒಂದು ಮನೆಯಲ್ಲೂ ನೀರು ಕೇಳಿ ಕುಡಿಯಲಿಲ್ಲ. ಈಕೆ ನನ್ನ ಮರ್ಯಾದೆ ಕಾಯಲು ತನ್ನ ಮನೆಯಲ್ಲೇ ತಾನು ದೂರ ನಿಂತಿದ್ದರು.

"ನಿಮ್ಮ ಒಲೆ ಮೇಲೆ ಏನಿದೆ?" ಅಂತ ಕೇಳಿದೆ.

"ಮುದ್ದೆ, ಸೊಪ್ಪಿನ ಸಾರು. ಅದು ನಂಗೆ ಮಾಡ್ಕಂಡಿದ್ದು."

"ಇಬ್ಬರಿಗಾಗುತ್ತಾ?"

ಆಕೆ ನನ್ನ ಮುಖವನ್ನೇ ನೋಡುತ್ತ ನಿಂತರು. ಒಳಗೆ ಹೋಗಿ ತಮ್ಮ ತಟ್ಟೆ ತೊಳೆದು ತಂದರು. ಮುರಿದು ಮುರಿದು ಒಂದು ಪೂರ್ತಿ ಮುದ್ದೆ ಉಂಡೆ. ಅಡವಯ್ಯನವರ ಅನ್ನವನ್ನು ಆಕೆ ಉಂಡರು. ಕೆಡಿಸಬಾರದಲ್ಲ.

ಉಂಡಮೇಲೆ ಮಾತು ಬಂತು. ತನ್ನ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡೆ ಅಂದರು. ಅಂಜನಪ್ಪ ಆಗ ಕೈಗೂಸಂತೆ. "ನಮ್ಮಲ್ಲಿ ಇನ್ನೊಂದು ಮದುವೆ, ಕೂಡಾವಳಿ ಅಂತಾರೆ, ಮಾಡ್ಕಬೋದಿತ್ತು ಸಾಮಿ. ಯಾರೂ ಕೇಳ್ಳಿಲ್ಲ, ನಾನೂ ಅನ್ಲಿಲ್ಲ. ಕುರಿ ಹಿಂದೆ ಹೋದೆ. ನಿಮ್ಮ ಸೊಸೆಗೆ ನೀವು ಅಲ್ಲೋಗು, ಇದ್ನ ತಿನ್ನು, ಅದ್ನ ನೋಡು ಅಂತ ಬರೀತಿದ್ರಂತೆ. ಅಂಜಿ ಹೇಳ್ದಾಗ ನಾನು ನಂಬ್ಲಿಲ್ಲ. ಗಂಡನ್ ಕಡೆಯೋರು ಅಂಗೂ ಇರ್ತಾರಾ ಅಂದೆ. ನಂಗೂ ಯಾರಾನ ಅಂಗೆ ಒಂದ್ ಮಾತು ಹೇಳಿದ್ದಿದ್ರೆ ಅನ್ನುಸ್ತು."

ನಾನು ಆಕೆಯ ಮುಂದೆ ತಲೆ ತಗ್ಗಿಸಿದೆ. ಯಾಕೆಂದರೆ ಆಕೆ ಹೊಗಳುತ್ತಿದ್ದ ಆ ಮನುಷ್ಯ ಮೂರು ತಿಂಗಳ ಹಿಂದೆ ನಿನಗೆ ಬೇರೆಯೇ ಕಾಗದ ಬರೆದಿದ್ದ.

ಅದನ್ನು ಹರಿದು ಹಾಕು. ಮದುವೆ ಮಾಡಿಕೊಳ್ಳಿ. ಮಠದವರಿಗೂ ಪೇಟೆಯವರಿಗೂ ನಾನು ಹೇಳಿಕೊಳ್ಳುತ್ತೇನೆ. ಕೆಲವರು ಅಂಗಡಿಗೆ ಬರುವುದು ಬಿಟ್ಟಾರು. ಸ್ಲೇಟು ಬೇಕಾದ ಮಕ್ಕಳು ಬಂದೇ ಬರುತ್ತಾರೆ.

ನಿನ್ನ ಅತ್ತೆಯನ್ನು ಮನೆಗೆ ಕಳಿಸು. ನನ್ನ ಸಾರಿಗೆ ಉಪ್ಪು ಕೂಡುತ್ತಿಲ್ಲ.

ನಿನ್ನ ಮಾವ
ವೃಷಭೇಂದ್ರಪ್ಪ


ಕೊರಟಗೆರೆ
೨೩–೯–೧೯೭೯

ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ.

ಮಧುಗಿರಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ನೋಟೀಸು ಕೊಟ್ಟಿದ್ದೇವೆ. ಮೂವತ್ತು ದಿನ ಕಳೆಯಬೇಕಂತೆ. ಕರಿಯಕ್ಕನವರು ದೀಪಾವಳಿ ಕಳೆದ ಮೇಲಿನ ಗುರುವಾರ ಆಗಲಿ ಅಂದರು. ಅಕ್ಟೋಬರ್ ೨೫. ಸಾಕ್ಷಿಗೆ ಮೂರು ಜನ ಬೇಕು. ಲಕ್ಕಮ್ಮ ಒಪ್ಪಿದ್ದಾರೆ. ಅಂಜನಪ್ಪನವರ ಕಡೆಯಿಂದ ಬೋರಪ್ಪ ಅಂತ ಸೋದರಮಾವ ಬರುತ್ತಾರೆ. ಇನ್ನೊಬ್ಬರು ಆಗಬೇಕು. ನನ್ನ ಜೊತೆಯ ಟೀಚರನ್ನು ಕೇಳಿದ್ದೇನೆ, ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.

ನಿಮ್ಮನ್ನು ಕೇಳಲು ನನಗೆ ಧೈರ್ಯವಿಲ್ಲ. ಒಪ್ಪಿದಿರಿ, ಅದೇ ದೊಡ್ಡದು. ನಂದೀಶ ಅವರ ತಂದೆ ಬಂದು ಆ ರಿಜಿಸ್ಟರಿನಲ್ಲಿ ಸಹಿ ಹಾಕಿ ಅನ್ನಲು ನನ್ನಿಂದಾಗದು. ದೂರದಿಂದಲೇ ಹರಸಿ.

ಇಂದ್ರಮ್ಮ


ಶಿರಾ
೧೪–೧೦–೧೯೭೯

ಮಗಳು ಇಂದ್ರಮ್ಮನಿಗೆ,

ನಿನ್ನ ಕಾಗದ ಓದಿ ಹೇಳಿದೆ. ನಿನ್ನ ಅತ್ತೆ, "ಟೀಚರ್ ಯೋಚನೆ ಮಾಡ್ಲಿ, ನೀವು ಹೊರಡಿ" ಅಂದಳು.

ನಿನ್ನೆ ಮಧುಗಿರಿಗೆ ಹೋಗಿದ್ದೆ, ಕಚೇರಿಯ ಕ್ರಮ ತಿಳಿದು ಬರೋಣ ಅಂತ. ಗುಮಾಸ್ತ ಚಿಕ್ಕ ವಯಸ್ಸಿನವನು. ಸಾಕ್ಷಿಯ ಹೆಸರು ಮೊದಲೇ ಬರೆಸಬಹುದಾ ಅಂತ ಕೇಳಿದೆ. ಕಾಗದ ತೆಗೆದುಕೊಂಡು ಹೆಸರು, ಊರು ಬರೆದುಕೊಂಡ.

"ಹೆಣ್ಣಿಗೆ ನೀವು ಏನಾಗಬೇಕು?"

"ಮಾವ."

"ಅಂದ್ರೆ ಗಂಡಿನ ತಂದೆ."

"ಅಲ್ಲಪ್ಪ. ಹೆಣ್ಣಿನ ಮೊದಲ ಗಂಡನ ತಂದೆ."

ಅವನ ಪೆನ್ನು ನಿಂತಿತು. ತಲೆಯೆತ್ತಿ ನನ್ನ ವಿಭೂತಿ ನೋಡಿದ, ನೋಟೀಸು ನೋಡಿದ, ಮತ್ತೆ ನನ್ನನ್ನು ನೋಡಿದ. ಹೀಗೆ ಬರೆಯಲು ಕಾನೂನಿನಲ್ಲಿ ಅಡ್ಡಿ ಇದೆಯಾ ಅಂತ ಕೇಳಿದೆ.

"ಅಡ್ಡಿ ಏನಿಲ್ಲ ಸ್ವಾಮಿ. ಆದ್ರೆ ಇಂಥ ಸಾಕ್ಷಿ ನಾನು ಕಂಡಿಲ್ಲ. ಬೇಕಾದ್ರೆ ಹಿತೈಷಿ ಅಂತ ಬರೀತೀನಿ, ಯಾರೂ ಕೇಳಲ್ಲ."

ದಾರಿಯುದ್ದಕ್ಕೂ ನಾನೂ ಅದನ್ನೇ ಯೋಚಿಸಿಕೊಂಡು ಹೋಗಿದ್ದೆ. ಅಪ್ಪ ಅಂತ ಬರೆಸೋಣ ಅಂದರೆ ಆ ಜಾಗ ನಿನ್ನ ತಂದೆಯದು, ತೀರಿಕೊಂಡವರ ಜಾಗದಲ್ಲಿ ನಾನು ಕೂರಬಾರದು. ಹಿತೈಷಿ ಅಂದರೆ ದಾರಿಯಲ್ಲಿ ಹೋಗುವವರೂ ಆಗಬಹುದು. ನನ್ನ ಮಗ ನಿನ್ನನ್ನು ಕೈಹಿಡಿದು ತಂದು ನಮ್ಮ ಮನೆಯೊಳಗೆ ಬಿಟ್ಟದ್ದಕ್ಕೆ ತಾನೇ ನೀನು ನನಗೆ ಸಿಕ್ಕಿದ್ದು.

"ಮಾವ ಅಂತಲೇ ಬರಿಯಪ್ಪ" ಅಂದೆ.

ಬರೆದ. ಮಸಿ ಒಣಗುವವರೆಗೂ ನಿಂತು ನೋಡಿ ಬಂದೆ.

ಆ ಗುರುವಾರ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ನಿನ್ನ ಅತ್ತೆ ಕಿಟಕಿ ಸೀಟು ತನಗೇ ಬೇಕು ಅನ್ನುತ್ತಿದ್ದಾಳೆ.

ನಿನ್ನ ಮಾವ
ವೃಷಭೇಂದ್ರಪ್ಪ